ಅಂಗಳದಲ್ಲಿ ಜೋಡಿಸಿದ ಹುಂಜ

ಸುಗುಣ ಟೀಚರ್ ಡೈನೋಸಾರ್ ಪಾಠ ತೆಗೆದುಕೊಂಡದ್ದು ಮಕ್ಕಳನ್ನು ಖುಷಿಪಡಿಸಲಿಕ್ಕೇ ಹೊರತು ಹೆದರಿಸಲಿಕ್ಕಲ್ಲ. ಬಸ್ರೂರಿನ ಹೊಳೆಬದಿಯ ಆ ಕಿರಿಯ ಪ್ರಾಥಮಿಕ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ದೊಡ್ಡ ಟಿವಿ ಕೊಟ್ಟಿದ್ದರು. ಮಳೆಗಾಲವಿಡೀ ಅದು ಹಳೆ ಸೀರೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು. ದೀಪಾವಳಿ ರಜೆ ಮುಗಿದು ಶಾಲೆ ಶುರುವಾದಾಗ, ನಾಲ್ಕನೇ ತರಗತಿಯ ಮಕ್ಕಳ ಕಣ್ಣಲ್ಲಿ ಇನ್ನೂ ಪಟಾಕಿಯೇ ಸಿಡಿಯುತ್ತಿರುವುದನ್ನು ನೋಡಿ, ಇವಕ್ಕೆ ಇವತ್ತು ಗುಣಾಕಾರ ಭಾಗಾಕಾರ ಹತ್ತುವುದಿಲ್ಲ ಎಂದು ಅವಳಿಗೆ ತಿಳಿದುಹೋಯಿತು. ಸೀರೆ ಸರಿಸಿ ಟಿವಿ ಹಚ್ಚಿದಳು.

ಬಸ್ಸಿಗಿಂತ ಉದ್ದದ ಪ್ರಾಣಿ ಕುತ್ತಿಗೆ ಚಾಚಿ ಮರದ ತುದಿ ಮೇಯುವಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಹಲ್ಲಿನ ಪ್ರಾಣಿ ಬಂದಾಗ ಬೊಬ್ಬೆ ಹೊಡೆದರು. ಕೊನೆಗೆ ಆಕಾಶದಿಂದ ಗುಡ್ಡದಂಥ ಕಲ್ಲೊಂದು ಉರಿಯುತ್ತ ಬಂದು ಕಡಲಿಗೆ ಬಿತ್ತು. ನೀರು ಗೋಡೆಯ ಹಾಗೆ ಎದ್ದಿತು. ಬೆಂಕಿ, ಬೂದಿ, ಕತ್ತಲೆ. ಚಿತ್ರ ಮುಗಿಯಿತು.

ವಿಜೇತಾ ಎದ್ದು ನಿಂತಳು. ಕ್ಲಾಸಿನಲ್ಲಿ ಹೆಚ್ಚು ಮಾತಾಡುವ ಹುಡುಗಿಯಲ್ಲ ಅವಳು. ಆದರೆ ಒಂದು ಪ್ರಶ್ನೆ ಹಿಡಿದರೆ ಉಡದ ಹಾಗೆ ಬಿಡುತ್ತಿರಲಿಲ್ಲ.

"ಟೀಚರ್, ಎಲ್ಲಾ ಸತ್ತ್ ಹೋದ್ವಾ?"

"ಎಲ್ಲಾ."

"ಒಂದೂ ಉಳಿಲಿಲ್ಯಾ?"

"ಒಂದೂ ಉಳೀಲಿಲ್ಲ ಮಗಾ. ಅದಕ್ಕೇ ಅಲ್ದಾ ಈಗ ಕಲ್ಲಿನ ಒಳಗೆ ಅವುಗಳ ಎಲುಬು ಹುಡುಕೂದು? ಅದನ್ನೇ ಪಳೆಯುಳಿಕೆ ಅನ್ನೂದು."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ವಿಜೇತಾ ಮಾತ್ರ ಕಪ್ಪಾದ ಪರದೆಯನ್ನೇ ನೋಡುತ್ತ ಕೂತಿದ್ದನ್ನು ಸುಗುಣ ಕಂಡಳು. ಪಾಠ ಮನಸ್ಸಿಗೆ ನಾಟಿದೆ ಎಂದುಕೊಂಡು ಖುಷಿಪಟ್ಟಳು.

ಮರುದಿನದಿಂದ ವಿಜೇತಾ ಶಾಲೆಗೆ ಬರಲಿಲ್ಲ. ಹವೆ ಬದಲಾಗುವ ಕಾಲ, ಜ್ವರವೋ ಏನೋ ಎಂದು ಸುಗುಣ ಸುಮ್ಮನಿದ್ದಳು. ವಾರ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಅಪ್ಪ ರವಿಚಂದ್ರನೇ ಬಂದ. ಗಂಗೊಳ್ಳಿ ಬಂದರಿನಿಂದ ಹೊರಡುವ ಬೋಟಿನಲ್ಲಿ ಮೀನಿಗೆ ಹೋಗುವವನು, ಎತ್ತರದ ಆಳು. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಟೀಚರೇ, ಒಂದ್ ಮಾತ್ ಕೇಣ್ಕಿತ್ತ್."

"ಹೇಳಿ. ವಿಜೇತಾ ಎಂತಕ್ಕ್ ಬತ್ತಿಲ್ಲೆ? ಹುಷಾರಿಲ್ಯಾ?"

"ಜ್ವರ ಗಿರ ಎಂತದೂ ಇಲ್ಲೆ. ನೀವ್ ಕಡ್ಲಿಗ್ ಕಲ್ಲ್ ಬಿದ್ದ್ ಎಲ್ಲಾ ಸತ್ತ್ ಹೋದ್ದ್ ತೋರ್ಸಿದ್ರಂಬ್ರಲೆ? ಈಗಳ್ ಹೆಣ್ಣ್ ನನ್ನ ಕಡ್ಲಿಗ್ ಹೋಪುಕೇ ಬಿಡುದಿಲ್ಲೆ."

ನಡೆದದ್ದನ್ನು ಅವನು ಒಂದೊಂದಾಗಿ ಹೇಳಿದ. ಬೋಟು ಹೊರಡುವ ದಿನ ಮಗಳು ಅವನ ಬಟ್ಟೆಯ ಚೀಲವನ್ನು ಸೌದೆ ರಾಶಿಯ ಹಿಂದೆ ಅಡಗಿಸಿಟ್ಟಿದ್ದಳು. ಅದು ಸಿಕ್ಕಿದ ಮೇಲೆ ಅಂಗಿ ಹಿಡಿದುಕೊಂಡಳು. ಬಿಡಿಸಿದರೆ ಕಾಲು ಹಿಡಿದುಕೊಂಡಳು. ಅತ್ತೂ ಅತ್ತೂ ವಾಂತಿ ಮಾಡಿಕೊಂಡಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಬೋಟು ಅಳಿವೆ ದಾಟಿ ಕಡಲು ಸೇರಿಯಾಗಿತ್ತು. ಉಳಿದವರೆಲ್ಲ ಹೋದರು, ಇವನೊಬ್ಬ ದಡದಲ್ಲಿ ಉಳಿದ.

"ನಾ ಬೈಯುಕ್ ಬಂದದ್ದಲ್ಲ ಟೀಚರೇ," ಎಂದ ರವಿಚಂದ್ರ. "ಸಿಟ್ಟ್ ಇಲ್ಲೆ ಅಂದ್ರ್ ಸುಳ್ಳಾತ್ತ್. ಆರೆ ನಾವ್ ಹೇಳ್ರೆ ಅದ್ ಕೇಣುದಿಲ್ಲೆ. ಹೆದ್ರಿಕಿ ನೀವೇ ಹತ್ಸದ್ದ್, ನೀವೇ ಇಳ್ಸ್ಕ್."

ಅವನು ದನಿ ಏರಿಸಿ ಮಾತಾಡಿದ್ದರೆ ಸುಗುಣಳಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಹಟ್ಟಿಯಂಗಡಿಯ ತನ್ನ ಮನೆಯ ದಾರಿ ಹಿಡಿಯದೆ ಅವಳು ಸ್ಕೂಟರನ್ನು ವಿಜೇತಾಳ ಮನೆಯ ಕಡೆಗೆ ತಿರುಗಿಸಿದಳು. ಅಂಗಳದಲ್ಲಿ ಬಲೆ ರಾಶಿ ಬಿದ್ದಿತ್ತು. ಕೋಳಿಗಳು ಅದರ ಸುತ್ತ ಕೆದಕುತ್ತಿದ್ದವು. ವಿಜೇತಾಳ ತಾಯಿ ಗೇರುಬೀಜದ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಅಜ್ಜಿ ಅಮ್ಮಣ್ಣಿ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಳು. ಹುಡುಗಿ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ಇಲ್ಲ್ ಬಾ ಮಗಾ," ಎಂದು ಸುಗುಣ ಹತ್ತಿರ ಕರೆದಳು. "ಅದ್ ಆರೂವರೆ ಕೋಟಿ ವರ್ಷದ್ ಹಿಂದ್ ಆದ್ದ್. ಈಗಳ್ ಹಾಂಗೆಲ್ಲ ಆತಿಲ್ಲೆ."

ವಿಜೇತಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಕಲ್ಲ್ ಬತ್ತ್ ಅಂದೇಳಿ ಡೈನೋಸಾರಿಗ್ ಗೊತ್ತಿತ್ತಾ ಟೀಚರ್?"

"ಇಲ್ಲೆ. ಅವಕ್ಕ್ ಹ್ಯಾಂಗ್ ಗೊತ್ತಾಪುದ್?"

"ಹಾಂಗಾರ್ ಅವೂ ಹೀಂಗೇ ಅಂದ್ಕಂಡಿಪ್ಪು. ಈಗಳ್ ಎಂತದೂ ಆತಿಲ್ಲೆ ಅಂದೇಳಿ."

ಸುಗುಣ ಬೆಲ್ಲ ನೀರಿನ ಲೋಟ ಕೆಳಗಿಟ್ಟಳು. ಹದಿನೈದು ವರ್ಷಕ್ಕೂ ಹೆಚ್ಚು ಪಾಠ ಮಾಡಿದ್ದಾಳೆ, ಎಂತೆಂಥ ತಂಟೆಕೋರರನ್ನು ಸಂಭಾಳಿಸಿದ್ದಾಳೆ. ಈ ಒಂದು ಮಾತನ್ನು ಮಾತ್ರ ಮನೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಹೊರಡುವಾಗ ಅಮ್ಮಣ್ಣಿ ತೆಂಗಿನ ಮರದ ತನಕ ಬಂದಳು. "ಕಡ್ಲಂದ್ರ್ ನಮ್ಗೂ ಹೆದ್ರಿಕಿಯೇ ಟೀಚರೇ. ಆರೆ ನಾವ್ ಬಾಯ್ ಬಿಟ್ಟ್ ಹೇಳುದಿಲ್ಲೆ. ಈ ಹೆಣ್ಣ್ ಹೇಳಿ ಬಿಡ್ತ್. ಈಗಳ್ ಮನಿಯೊಳ್ಗ್ ಎಲ್ರಿಗೂ ಹೆದ್ರಿಕಿ ಹಿಡ್ದ್ ಕೂಕಂಡಿತ್."

ಮನೆಗೆ ಬಂದವಳು ದೋಸೆಗೆ ಅಕ್ಕಿ ನೆನೆಹಾಕುವುದನ್ನೂ ಮರೆತು, ಶಾಲೆಯ ಗ್ರಂಥಾಲಯದಿಂದ ತಂದಿದ್ದ ವಿಜ್ಞಾನದ ಪುಸ್ತಕಗಳನ್ನು ಹರಡಿಕೊಂಡು ಕೂತಳು. ಸಾಲದ್ದಕ್ಕೆ ಫೋನಿನಲ್ಲೂ ಹುಡುಕಿದಳು. ಕಲ್ಲು ಬೀಳುವುದಿಲ್ಲ ಎಂದು ಮಗುವಿಗೆ ಹೇಳಲಿಕ್ಕೆ ಏನಾದರೂ ಆಧಾರ ಬೇಕಿತ್ತು ಅವಳಿಗೆ. ಅದನ್ನು ಹುಡುಕುತ್ತ ಹೋದವಳಿಗೆ ಬೇರೆಯೇ ಒಂದು ಸಂಗತಿ ಸಿಕ್ಕಿತು. ಡೈನೋಸಾರ್‌ಗಳಲ್ಲಿ ಎಲ್ಲವೂ ಸತ್ತಿರಲಿಲ್ಲ. ಗರಿಯಿದ್ದ, ಎರಡು ಕಾಲಿನಲ್ಲಿ ನಡೆಯುತ್ತಿದ್ದ ಸಣ್ಣ ಜಾತಿಯದೊಂದು ಕವಲು ಬದುಕಿ ಉಳಿದಿತ್ತು. ಇವತ್ತಿನ ಹಕ್ಕಿಗಳೆಲ್ಲ ಅದರ ಸಂತಾನ. ಒಂದೂ ಉಳೀಲಿಲ್ಲ ಮಗಾ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು! ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಏನೋ ಒಂದು ಸಂತೋಷವೂ ಬಂತು.

ಮರುದಿನ ಶಾಲೆಗೆ ಬರುವಾಗ ಒಂದು ಹೇಂಟೆ ಕೋಳಿ ತನ್ನ ಮರಿಗಳ ಹಿಂಡು ಕಟ್ಟಿಕೊಂಡು ರಸ್ತೆಗೆ ಅಡ್ಡ ಬಂತು. ಬೇರೆ ದಿನವಾದರೆ ಹಾರ್ನ್ ಹೊಡೆಯುತ್ತಿದ್ದಳು. ಅವತ್ತು ಸ್ಕೂಟರ್ ನಿಲ್ಲಿಸಿ, ಅದು ಕಾಲೆತ್ತಿ, ಬೆರಳು ಮುದುರಿ, ಮತ್ತೆ ಬಿಡಿಸಿ ನೆಲಕ್ಕೆ ಇಡುವುದನ್ನು ನೋಡುತ್ತ ನಿಂತಳು. ಟಿವಿಯಲ್ಲಿ ಕಂಡ ಹಲ್ಲಿನ ಪ್ರಾಣಿಯದ್ದೂ ಇದೇ ನಡಿಗೆ. ಹಿಂದಿನಿಂದ ಬಂದ ಟೆಂಪೋದವನು, "ಹ್ವಾಯ್, ಎಂತ ಟೀಚರೇ, ಕೋಳಿಗ್ ಪಾಠ ಮಾಡ್ತಿದ್ರ್ಯಾ?" ಎಂದು ನಗುತ್ತ ಬದಿಯಿಂದ ಹೋದ.

ಕ್ಲಾಸಿನಲ್ಲಿ ಹಾಜರಿ ಮುಗಿಸಿ ಅವಳು ನೇರ ವಿಷಯಕ್ಕೆ ಬಂದಳು. "ಮೊನ್ನೆ ನಾನು ಒಂದು ತಪ್ಪು ಹೇಳಿದೆ. ಡೈನೋಸಾರ್ ಒಂದೂ ಉಳೀಲಿಲ್ಲ ಅಂದೆ. ಉಳಿದಿದೆ. ಈಗಲೂ ಇದೆ. ನಿಮ್ಮ ಮನೆ ಅಂಗಳಕ್ಕೂ ಬರ್ತದೆ. ಯಾವುದು ಹೇಳಿ ನೋಡುವ."

"ಉಡ!"

"ಓತಿಕ್ಯಾತ!"

"ಮೊಸಳಿ!"

"ಅಲ್ಲ. ಕೋಳಿ."

ಕ್ಲಾಸಿನಲ್ಲಿ ನಗು ಎದ್ದಿತು ನೋಡಿ, ಪಕ್ಕದ ಕೋಣೆಯ ಮಕ್ಕಳೂ ಕಿಟಕಿಯಲ್ಲಿ ಇಣುಕಿದರು. ಮುಂದಿನ ಸಾಲಿನ ವಿಶಾಲ್ ಕೇಳಿದ: "ಹಾಂಗಾರ್ ಆಯ್ತವಾರ ನಾವ್ ಉಂಬುದ್ ಡೈನೋಸಾರ್ ಸಾರಾ ಟೀಚರ್?"

"ನಮ್ಮನಿಯಗ್ ಡೈನೋಸಾರ್ ತಿಂಬುದಿಲ್ಲೆ," ಎಂದಳು ಚಂದನಾ ಗಂಭೀರವಾಗಿ. ಅವಳದ್ದು ಸಸ್ಯಾಹಾರಿಗಳ ಮನೆ.

ನಗು ಇಳಿದ ಮೇಲೆ ಪ್ರಶ್ನೆಗಳು ಬಂದವು. ಬಾವಿ ತೋಡಿದರೆ ನಮ್ಮೂರಲ್ಲೂ ಡೈನೋಸಾರ್ ಎಲುಬು ಸಿಕ್ಕಬಹುದಾ? ಇಲ್ಲ ಮಕ್ಕಳೇ, ನಮ್ಮ ಕೆಂಪು ಮುರಕಲ್ಲಿನಲ್ಲಿ, ಕರಿಕಲ್ಲಿನಲ್ಲಿ ಅದು ಸಿಗುವುದಿಲ್ಲ. ಕೆಸರಿನಲ್ಲಿ ಹೂತು, ಆ ಕೆಸರೇ ಕಲ್ಲಾದ ಜಾಗದಲ್ಲಿ ಸಿಗುತ್ತದೆ; ಗುಜರಾತಿನಲ್ಲಿ, ನರ್ಮದಾ ನದಿಯ ಬದಿಯಲ್ಲಿ ಸಿಕ್ಕಿದೆ, ಮೊಟ್ಟೆಗಳೂ ಸಿಕ್ಕಿವೆ. ಸಿಕ್ಕಿದಾಗ ಇಡೀ ಪ್ರಾಣಿ ಇರುತ್ತದಾ? ಎಲ್ಲಿಂದ ಬಂತು! ಅಲ್ಲೊಂದು ಇಲ್ಲೊಂದು ಎಲುಬು. ಯಾವುದು ಎಲ್ಲಿಯದು ಎಂದು ತಲೆ ಕೆಡಿಸಿಕೊಂಡು ಜೋಡಿಸಬೇಕು.

"ನಾವೂ ಜೋಡ್ಸುವ ಟೀಚರ್," ಎಂದ ವಿಶಾಲ್. "ಕೋಳಿದ್ದ್."

ಮುಖ್ಯೋಪಾಧ್ಯಾಯ ಹಂದೆ ಮಾಸ್ಟ್ರು ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ಸಾಧು ಸ್ವಭಾವದವರು, ಗಲಾಟೆ ಎಂದರೆ ಆಗದು. "ಬಿಸಿಯೂಟದಲ್ಲಿ ಮೊಟ್ಟೆ ಕೊಡೂದಕ್ಕೇ ಎಷ್ಟು ಜನ ಬಂದು ಆಕ್ಷೇಪ ಮಾಡಿದ್ರು, ನಿಮಗೆ ಗೊತ್ತುಂಟಲ್ಲ ಸುಗುಣ. ಇನ್ನು ಎಲುಬು ತಂದು ಬೆಂಚಿನ ಮೇಲೆ ಹರಡಿದ್ರೆ? ಪಾಠ ಬೇಡ ಅಂತ ನಾನು ಹೇಳೂದಿಲ್ಲ. ಶಾಲೆ ಒಳಗೆ ಮಾತ್ರ ಬೇಡ."

ಸುಗುಣಳಿಗೆ ಮೊದಲು ಬೇಜಾರಾಯಿತು. ಸ್ಟಾಫ್ ರೂಮಿನ ಮೆಟ್ಟಿಲು ಇಳಿಯುವಾಗ ಹೊಳೆಯಿತು: ಶಾಲೆಯೊಳಗೆ ಬೇಡವಾದರೆ ವಿಜೇತಾಳ ಮನೆ ಅಂಗಳ ಇದೆಯಲ್ಲ! ಶಾಲೆಗೆ ಬಾರದ ಹುಡುಗಿಯ ಹತ್ತಿರ ಶಾಲೆಯೇ ಹೋದರಾಯಿತು.

ಅಮ್ಮಣ್ಣಿಗೆ ಹೇಳಿದಾಗ ಅವಳು ಪೂರ್ತಿ ಕೇಳಲೂ ಇಲ್ಲ. "ಆಯ್ತವಾರಕ್ಕ್ ಕೊಯ್ಯುಕ್ ಅಂದೇಳಿ ಇಟ್ಟದ್ದ್ ಒಂದ್ ಹುಂಜ ಇತ್ತ್. ಕತ್ರಿಸ್ದೇ ಇಡಿಯಾ ಬೇಯ್ಸಿ ಮಾಂಸ ಬಿಡ್ಸಿ ಕೊಡ್ತೆ. ಕಾಲ್, ತಲಿ ಎಲ್ಲಾ ಇರ್ಕಾ?"

"ಎಲ್ಲಾ ಇರ್ಕ್."

"ಆಯ್ತ್. ಹೆಣ್ಣ್ ನೆಗ್ಯಾಡ್ರೆ ಸಾಕ್ ನಂಗೆ."

ಆದಿತ್ಯವಾರ ಊಟ ಮುಗಿಸಿಕೊಂಡು ಮಕ್ಕಳು ಒಬ್ಬೊಬ್ಬರಾಗಿ ಬಂದರು. ಎಲುಬನ್ನು ಅಮ್ಮಣ್ಣಿ ಬೆಳಿಗ್ಗೆಯೇ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಬಿದಿರಿನ ಗೆರಸೆಯಲ್ಲಿ ಬಿಸಿಲಿಗೆ ಒಣಗಿಸಿಟ್ಟಿದ್ದಳು. ಒಳಗೆ ಒಲೆಯ ಮೇಲೆ ಅದೇ ಹುಂಜದ ಮಾಂಸದ ಸುಕ್ಕ ಘಮಘಮ ಎನ್ನುತ್ತಿತ್ತು. ಸುಗುಣ ಅಂಗಳದಲ್ಲಿ ಬಿಳಿ ಪಂಚೆ ಹಾಸಿ ಎಲುಬುಗಳನ್ನೆಲ್ಲ ಸುರಿದಳು. ಇಷ್ಟೊಂದು ಎಲುಬಾ ಒಂದು ಕೋಳಿಗೆ ಎಂದು ಎಲ್ಲರಿಗೂ ಆಶ್ಚರ್ಯ. ಚಂದನಾ ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತಿದ್ದವಳು, ಹುಡುಗರು ಕುತ್ತಿಗೆಯ ಮಣಿಗಳನ್ನು ಬಾಲದ ಹತ್ತಿರ ಇಡುವುದನ್ನು ನೋಡಿ ತಡೆಯಲಾರದೆ ಹತ್ತಿರ ಬಂದು, ಅಲ್ಲಿ ಇಡಿ, ಇಲ್ಲಿ ಇಡಿ ಎಂದು ಹುಕುಂ ಮಾಡತೊಡಗಿದಳು. ಒಂದು ಕಾಗೆ ಹಾರಿ ಬಂದು ಕಾಲಬೆರಳಿನ ಎಲುಬೊಂದನ್ನು ಕಚ್ಚಿಕೊಂಡು ಹೋಯಿತು. ಮಕ್ಕಳು ಬೊಬ್ಬೆ ಹಾಕುತ್ತ ಬೆನ್ನಟ್ಟಿದರು. "ಅದೂ ಡೈನೋಸಾರೇ ಅಲ್ದಾ, ಬಿಡಿ," ಎಂದು ಸುಗುಣ ನಕ್ಕಳು.

ರವಿಚಂದ್ರ ಜಗಲಿಯಲ್ಲಿ ಕೂತು ಬಲೆಗೆ ದಾರ ಹಾಕುತ್ತಿದ್ದ. ವಿಜೇತಾ ಅವನಿಗೆ ಅಂಟಿಕೊಂಡೇ ಕೂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ಕರೆಯಬೇಡಿ ಎಂದು ಸುಗುಣ ಮೊದಲೇ ಹೇಳಿಟ್ಟಿದ್ದಳು.

ಎದೆಗೂಡು ಆಯಿತು, ರೆಕ್ಕೆ ಆಯಿತು. ಕಾಲಿನ ಹತ್ತಿರ ಬಂದಾಗ ತಕರಾರು ಶುರುವಾಯಿತು. ವಿಶಾಲ್ ಒಂದು ಕಾಲಿಗೆ ಉದ್ದದ ಎಲುಬು ಎರಡನ್ನು ಇಟ್ಟು, ನಡುವಿನ ಗಂಟನ್ನು ಮನುಷ್ಯರ ಮೊಣಕಾಲಿನ ಹಾಗೆ ಮುಂದಕ್ಕೆ ಬಾಗಿಸಿದ. ಒಂದು ಎಲುಬು ಹೆಚ್ಚಿಗೆ ಉಳಿಯಿತು. ಅದನ್ನು ಎಲ್ಲಿಡುವುದೆಂದು ಯಾರಿಗೂ ಗೊತ್ತಾಗಲಿಲ್ಲ. ಸುಗುಣಳಿಗೂ ಗೊತ್ತಿರಲಿಲ್ಲ.

"ಕಾಲ್ ತಪ್ಪ್," ಎಂದಿತು ಜಗಲಿಯಿಂದ ಒಂದು ಸಣ್ಣ ದನಿ.

ಎಲ್ಲರೂ ತಿರುಗಿದರು. ವಿಜೇತಾ ಅಪ್ಪನ ಬದಿಯಿಂದ ಎದ್ದಿದ್ದಳು. "ಕೋಳಿ ಕಾಲ್ ಹಿಂದಕ್ಕ್ ಮಡ್ಚುದ್. ಕಾಂಬುಕಿಲ್ಯಾ ನಿಮ್ಗೆ?"

"ಹಾಂಗಾರ್ ಈ ಎಲ್ಬ್ ಎಲ್ಲಿದ್ದ್? ನೀನೇ ಹೇಳ್," ಎಂದ ವಿಶಾಲ್.

ಅವಳು ಅಂಗಳಕ್ಕಿಳಿದು, ತುಳಸಿಕಟ್ಟೆಯ ಹತ್ತಿರ ಕೆದಕುತ್ತಿದ್ದ ಹೇಂಟೆಯನ್ನು ಗಬಕ್ಕನೆ ಹಿಡಿದುಕೊಂಡಳು. ಅದು ಕೊಕ್ಕೊಕ್ಕೋ ಎಂದು ಕೂಗಿ ಆಮೇಲೆ ಅವಳ ತೋಳಿನಲ್ಲಿ ಸುಮ್ಮನಾಯಿತು. ವಿಜೇತಾ ಕಣ್ಣು ಮುಚ್ಚಿ ಅದರ ಕಾಲನ್ನು ಬೆರಳಿನಿಂದ ತಡವುತ್ತ ಮೇಲೆ ಮೇಲೆ ಹೋದಳು. ಗರಿಯ ಒಳಗೆ, ಹೊಟ್ಟೆಯ ಹತ್ತಿರ, ಅವಳ ಕೈ ನಿಂತಿತು.

"ಟೀಚರ್, ಇಲ್ಲೊಂದ್ ಗಂಟ್ ಇತ್ತ್! ಇದ್ ಮುಂದಕ್ಕ್ ಮಡ್ಚುತ್ತ್. ಇದೇ ಮೊಣ್ಕಾಲ್. ಆ ಎಲ್ಬ್ ಇದ್ರ್ ಮೇಲಿದ್ದ್."

"ಕೆಳ್ಗಿನ ಗಂಟ್ ಎಂತ ಹಾಂಗಾರೆ?" ಎಂದು ಸುಗುಣ ಕೇಳಿದಳು.

ವಿಜೇತಾ ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು. ತುದಿಗಾಲಲ್ಲಿ ನಿಂತಳು. "ಹಿಮ್ಮಡಿ! ಕೋಳಿ ಯಾವತ್ತೂ ತುದಿಗಾಲಗೇ ನಡೆವುದ್!"

ಅಂಗಳದಲ್ಲಿದ್ದ ಮಕ್ಕಳೆಲ್ಲ ತುದಿಗಾಲಲ್ಲಿ ನಿಂತು ಕೋಳಿಯ ಹಾಗೆ ನಡೆದು ನೋಡಿದರು. ಹೆಚ್ಚಾಗಿ ಉಳಿದಿದ್ದ ಎಲುಬು ತನ್ನ ಜಾಗದಲ್ಲಿ ಕೂತಿತು. ಹೊತ್ತು ಕಂತುವ ಮೊದಲು, ಪಂಚೆಯ ಮೇಲೆ ಹುಂಜ ಒಂದು ಬೆರಳು ಕಡಿಮೆಯಾಗಿ ಎದ್ದು ಓಡುವ ಹಾಗೆ ಮಲಗಿತ್ತು.

ಮಕ್ಕಳು ಸುಕ್ಕ ದೋಸೆ ತಿನ್ನಲು, ಚಂದನಾ ಬೆಲ್ಲ ಅವಲಕ್ಕಿ ತಿನ್ನಲು ಒಳಗೆ ಹೋದರು. ವಿಜೇತಾ ಹೋಗಲಿಲ್ಲ. ಹೇಂಟೆಯನ್ನು ಇನ್ನೂ ತೋಳಲ್ಲೇ ಇಟ್ಟುಕೊಂಡಿದ್ದಳು.

"ಟೀಚರ್, ಇದ್ ಮಾತ್ರ ಹ್ಯಾಂಗ್ ಉಳೀತ್?"

"ಸರೀ ಯಾರಿಗೂ ಗೊತ್ತಿಲ್ಲೆ ಮಗಾ. ಗಾತ್ರ ಸಣ್ಣದಿತ್ತ್, ಅಡ್ಗಿ ಕೂಕಂಬುಕ್ ಆತಿತ್. ನೆಲ ಕೆದ್ಕಿ ಬೀಜ ಗೀಜ ತಿಂದ್ ಬದ್ಕಿತ್ ಅಂತ್ರ್."

ಅದು ಅವಳಿಗೆ ಹಿಡಿಸಿತು ಎಂದು ಮುಖದಲ್ಲೇ ಗೊತ್ತಾಯಿತು. ಸುಗುಣ ಈಗ ಅಂದಿನ ಪ್ರಶ್ನೆಗೆ ಬಂದಳು. "ಅವತ್ತ್ ನೀ ಒಂದ್ ಕೇಂಡೆ. ಡೈನೋಸಾರಿಗ್ ಯಾರೂ ಹೇಳಿರ್ಲಿಲ್ಲೆ, ಅದ್ ಖರೆ. ಅವಕ್ಕ್ ಹೇಳುಕ್ ಯಾರೂ ಇರ್ಲಿಲ್ಲೆ. ಈಗಳ್ ಇದ್ರ್. ದೊಡ್ಡ ದೊಡ್ಡ ದುರ್ಬೀನ್ ಹಿಡ್ಕಂಡ್ ಹಗ್ಲೂ ರಾತ್ರಿ ಆಕಾಶ ಕಾಂಬರ್ ಇದ್ರ್. ದೊಡ್ಡ ಕಲ್ಲ್ ಯಾವ್ದ್ ಎಲ್ಲಿತ್ತ್, ಯಾವ್ ದಾರಿಯಗ್ ಹೋತ್ತ್ ಅಂದೇಳಿ ಲೆಕ್ಕ ಹಾಕ್ತ್ರ್. ಕೆಲವ್ ವರ್ಷದ್ ಹಿಂದ್ ರಾಕೆಟಗ್ ಯಂತ್ರ ಕಳ್ಸಿ ಒಂದ್ ಕಲ್ಲಿಗ್ ಹೊಡ್ಸಿ ಅದ್ರ್ ದಾರಿ ಒಂಚೂರ್ ಬದ್ಲ್ ಮಾಡಿ ಕಂಡಿರ್."

"ಖರೆಯಾ?"

"ಖರೆ. ನಿಂಗ್ ತೋರ್ಸ್ತೆ."

ವಿಜೇತಾ ಅಪ್ಪನ ಕಡೆ ತಿರುಗಿದಳು. "ಅಪ್ಪಯ್ಯ, ನಿಮ್ಮ್ ಬೋಟಗ್ ವೈರ್‌ಲೆಸ್ ಇತ್ತ್ ಅಲ್ದಾ?"

"ಇತ್ತ್ ಮಗಾ. ಗಾಳಿ ಮಳಿ ಬಪ್ಪುಕ್ ಮೊದ್ಲೇ ಹೇಳ್ತ್ರ್. ಹೇಳಿರ್ ಕೂಡ್ಲೇ ನಾವ್ ಬಂದರಿಗ್ ತಿರ್ಗ್ತೊ," ಎಂದ ರವಿಚಂದ್ರ. ಅವನ ಕೈಯ ದಾರ ನಿಂತಿತ್ತು.

ಅವಳು ಹೇಂಟೆಯನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ದೋಸೆ ತಿನ್ನಲು ಒಳಗೆ ಹೋದಳು.

ಬುಧವಾರ ಬೋಟು ಮತ್ತೆ ಹೊರಟಿತು, ಈ ಸಲ ರವಿಚಂದ್ರನೂ ಹೋದ. ಅವತ್ತು ವಿಜೇತಾ ಶಾಲೆಗೆ ಬಂದಳು, ಕಣ್ಣು ಊದಿಸಿಕೊಂಡು. ಅತ್ತಿದ್ದಳು, ಆದರೆ ಬಂದಿದ್ದಳು. ಸುಗುಣ ಪಾಠದ ನಡುವೆ ಎರಡು ಸಲ ಅವಳ ಬೆಂಚಿನ ಹತ್ತಿರ ಸುಮ್ಮನೆ ಹಾದುಹೋದಳು. ಹೆದರಿಕೆ ಒಂದೇ ದಿನದಲ್ಲಿ ಬಿಟ್ಟುಹೋಗುವ ಅತಿಥಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಹುಂಜದ ಸುದ್ದಿ ಊರೆಲ್ಲ ಹಬ್ಬಿತು. ಬೈಯಲು ಯಾರೂ ಬರಲಿಲ್ಲ. ಬದಲಿಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ ತಾಯಂದಿರು, ಮಕ್ಕಳು ಈಗ ಊಟಕ್ಕೆ ಕೂತರೆ ಒಂದೊಂದು ಎಲುಬನ್ನೂ ನೆಕ್ಕಿ ತಟ್ಟೆಯ ಬದಿಯಲ್ಲಿ ಜೋಡಿಸುತ್ತಾರೆ, ಏಳುವುದೇ ಇಲ್ಲ ಎಂದು ದೂರು ಹೇಳಿದರು. ಕೊನೆಗೆ ಹಂದೆ ಮಾಸ್ಟ್ರೇ ಒಂದು ಸಂಜೆ ಕೊಡೆ ಹಿಡಿದುಕೊಂಡು ಅಮ್ಮಣ್ಣಿಯ ಅಂಗಳಕ್ಕೆ ಬಂದರು. ಮಕ್ಕಳು ಆಮೇಲೆ ಹಲಗೆಯ ಮೇಲೆ ಅಂಟಿಸಿಟ್ಟಿದ್ದ ಹುಂಜದ ಸುತ್ತ ಎರಡು ಸುತ್ತು ಬಂದು, ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದರು. "ಕುತ್ತಿಗೆಯಲ್ಲಿ ಇಷ್ಟು ಮಣಿ ಉಂಟಾ! ಅದಕ್ಕೇ ಹಾಗೆ ತಿರುಗಿಸ್ತದೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಸುಗುಣಳಿಗೆ, "ಆಫೀಸಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಖಾಲಿ ಬಿದ್ದುಕೊಂಡುಂಟು. ಅದರೊಳಗೆ ಇಟ್ಟರೆ ಪಾಠೋಪಕರಣ ಅಂತ ಆಗ್ತದೆ. ಯಾರಾದ್ರೂ ಕೇಳಿದ್ರೆ ನಾನು ಹೇಳಿಕೊಳ್ತೇನೆ," ಎಂದರು.

ಮುಂದಿನ ವಾರ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬರುತ್ತಿದ್ದ ಹಾಗೆ ವಿಜೇತಾ ನೇರ ಮೇಜಿನ ಹತ್ತಿರ ಬಂದಳು. ಓಡಿ ಬಂದ ಉಸಿರು ಇನ್ನೂ ಇಳಿದಿರಲಿಲ್ಲ.

"ಟೀಚರ್, ನಿನ್ನಿ ಅಪ್ಪಯ್ಯ ಫೋನ್ ಮಾಡಿದ್ರ್. ಬೋಟಿನ್ ಮೇಲ್ ಒಂದ್ ಹಕ್ಕಿ ಬಂದ್ ಕೂಕಂಡಿತಂಬ್ರ್. ಎಂತ ಹಕ್ಕಿ ಅಂದೇಳಿ ಯಾರಿಗೂ ಗೊತ್ತಿಲ್ಲೆ ಅಂಬ್ರ್. ಕಾಲ್ ಹ್ಯಾಂಗಿತ್ತ್ ಕಾಣಿ ಅಂದೆ. ಬೆರಳಿನ್ ನಡು ಚರ್ಮ ಇತ್ತಂಬ್ರ್."

"ಕಡ್ಲ್ ಹಕ್ಕಿ ಇಪ್ಪು. ಮತ್ತೆ?"

"ಅದ್ಕ್ ಎರ್ಡ್ ಬಂಗ್ಡಿ ಮೀನ್ ಹಾಕಿ ಅಂದೆ. ಒಂದ್ ತಿಂತಂಬ್ರ್. ಇನ್ನೊಂದ್ ಅಲ್ಲೇ ಬಿಟ್ಟ್ ಹಾರ್ಕಂಡ್ ಹೋಯ್ತಂಬ್ರ್." ಅವಳು ಉಸಿರು ಎಳೆದುಕೊಂಡಳು. "ಟೀಚರ್, ಸುತ್ತ ಬರೀ ನೀರೇ ಇಪ್ಪುದಲ್ದಾ? ಅದಕ್ಕೆ ದಾರಿ ಹ್ಯಾಂಗ್ ಗೊತ್ತಾತ್ತ್?"

ವಿಶಾಲ್, ಚಂದನಾ, ಉಳಿದವರೆಲ್ಲ ಚೀಲ ಇಳಿಸದೆ ಮೇಜಿನ ಸುತ್ತ ಸೇರಿದ್ದರು. ಸುಗುಣ ಹಾಜರಿ ಪುಸ್ತಕ ಮುಚ್ಚಿದಳು.

"ನಂಗೂ ಗೊತ್ತಿಲ್ಲೆ ಮಗಾ," ಎಂದಳು. "ಕೂಕಣಿ ಎಲ್ರೂ. ಮೊದ್ಲ್ ನಿಮ್ಗೆಂತ ಅನ್ಸ್ತ್ ಹೇಳಿ, ಕಾಂಬ."